ಸೋನಾರ್ ಯಂತ್ರ ಮತ್ತು ಗಾಳದ ಎರೆ

ಪ್ರಶ್ನೆ: ಸೋನಾರ್ ಯಂತ್ರವು ನೀರೊಳಗಿನ ಮೀನನ್ನು ಅರಿಯುವುದೆಂತು? ಅದೊಂದಿದ್ದರೆ ಗಾಳಕ್ಕೆ ಮೀನು ಬೀಳುವುದು ನಿಶ್ಚಯವೆ?

ಉತ್ತರ: ದೋಣಿಯಡಿಯಿಂದ ಹೊರಟ, ಮಾನವಶ್ರವಣಕ್ಕೆ ನಿಲುಕದ ಶಬ್ದತರಂಗವು ಜಲದಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಿಂದ ಸಾಗಿ, ಮೀನಿನ ಉದರದ ವಾಯುಕೋಶಕ್ಕೆ ತಾಗಿ ಪ್ರತಿಧ್ವನಿಯಾಗಿ ಮರಳಲು, ಆ ಕಾಲಾವಧಿಯಿಂದಲೇ ಯಂತ್ರವು ಆಳವನ್ನು ಗಣಿಸುವುದು. 1953ರಲ್ಲಿ ಪೂರ್ಣಗೊಂಡ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ, ಮುಳುಗಿಹೋದ ಹಳೆಯ ನದೀಪಾತ್ರವನ್ನು ಗುರುತಿಸಲು ಇದು ನಿಜಕ್ಕೂ ಉಪಕಾರಿ. ಆದರೆ ಗಾಳಕ್ಕೆ ಮೀನು ಬೀಳಲು ಯಂತ್ರವೊಂದೇ ಸಾಲದು; ಉಸಿರಿಗಾಗಿ ಮೇಲಕ್ಕೇಳುವ ಕೊರವ ಮೀನು ಜೊಂಡಿನ ನಡುವಣ ತೆಳುನೀರಿನಲ್ಲಿ ಹೊಂಚುವುದರಿಂದ, ಅಲ್ಲಿ ಕಪ್ಪೆಯಾಕಾರದ ಕೃತಕ ಎರೆಯನ್ನು ನೀರಮೇಲೆ ಎಳೆಯುವುದೇ ಲೇಸು. ಆಳದ ಬಾಳೆ ಮೀನಿಗೆ ಮಿನುಗುವ ಲೋಹದ ತಗಡು ಒಪ್ಪುವುದು. ಬಹುಮಟ್ಟಿಗೆ ಸಸ್ಯಾಹಾರಿಯಾದ ರೋಹುವಿಗೆ ಹಿಟ್ಟಿನುಂಡೆಯೇ ಬೇಕು. ಆದುದರಿಂದ ಯಂತ್ರವನ್ನು ಕೊಳ್ಳುವ ಮುನ್ನ, ಆಯಾ ಮೀನಿನ ಆಹಾರಸ್ವಭಾವವನ್ನು ಶ್ರದ್ಧೆಯಿಂದ ಅಭ್ಯಸಿಸುವುದು ಶ್ರೇಯಸ್ಕರ.