ನಿಮಗಿದು ಗೊತ್ತೆ? ಮೆಣಸಿನಕಾಯಿ ಬಂತು, ಲಿಂಬೆ ಹೋಯ್ತು!

ಬಸವಣ್ಣನವರ ಕಾಲದ ಬಾಗೇವಾಡಿಯಲ್ಲಿ ಒಂದೇ ಒಂದು ಮೆಣಸಿನಕಾಯಿ ಇರಲಿಲ್ಲ! ಆಗ ಖಾರಕ್ಕೆ ಇದ್ದದ್ದು ಕರಿಮೆಣಸು, ಹಿಪ್ಪಲಿ, ಶುಂಠಿ. ಮೆಣಸಿನಕಾಯಿಯ ತವರು ಮೆಕ್ಸಿಕೊ. 1510ರಲ್ಲಿ ಪೋರ್ಚುಗೀಸರು ವಿಜಯಪುರದ ಆದಿಲಶಾಹಿಗಳಿಂದ ಗೋವೆ ಕಿತ್ತುಕೊಂಡ ಮೇಲೆ ಅದು ಹಡಗೇರಿ ಬಂತು. ಇಂದು ಸಿಂದಗಿ, ಮುದ್ದೇಬಿಹಾಳದ ಸಂಜೆಯ ಬಂಡಿಗಳಲ್ಲಿ ಕಡಲೆಹಿಟ್ಟು ಮೆತ್ತಿಕೊಂಡು ಕಾದ ಎಣ್ಣೆಗೆ ಇಳಿಯುವುದು ಅದೇ ಕಾಯಿ. ಜೊತೆಗಿನ ಚುರಮುರಿಗೆ ಬೀಳುವ ಟೊಮೆಟೊ, ಶೇಂಗಾ ಕೂಡ ಅಮೆರಿಕ ಖಂಡಗಳವೇ.

ಲಿಂಬೆಯದು ಮಾತ್ರ ಉಲ್ಟಾ ಪ್ರಯಾಣ. ಏಷ್ಯಾದ ಈ ಹಣ್ಣನ್ನು ಸ್ಪೇನಿನವರು ಅತ್ತ ಒಯ್ದರು. ಮೆಕ್ಸಿಕೊದ ಬೀದಿಯಲ್ಲಿ ಬಿಸಿ ಟಾಕೊ ಮೇಲೆ ಹಿಂಡುವ ತೆಳುಸಿಪ್ಪೆಯ ಪುಟ್ಟ ಲಿಂಬೆ, ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ನಮ್ಮ ಇಂಡಿ ತಾಲ್ಲೂಕಿನ ಕಾಗಜಿ ಲಿಂಬೆಯ ಜಾತಿಯದ್ದೇ. ಅಲ್ಲಿ ಅದಕ್ಕೆ ‘ಮೆಕ್ಸಿಕನ್ ಲಿಂಬೆ’ ಎಂಬ ಹೆಸರು ಬೇರೆ!