ನಗರದಲ್ಲಿ ಯಾವುದು ವೇಗ: ಕಾರೋ, ಸೈಕಲ್ಲೋ?

2007ರಲ್ಲಿ ಬಿಬಿಸಿಯ 'ಟಾಪ್ ಗೇರ್' ಕಾರ್ಯಕ್ರಮ ಲಂಡನ್ನಿನಲ್ಲೊಂದು ಪಂದ್ಯ ಏರ್ಪಡಿಸಿತು. ಪಶ್ಚಿಮದ ಕ್ಯೂ ಸೇತುವೆಯಿಂದ ಪೂರ್ವದ ಲಂಡನ್ ಸಿಟಿ ವಿಮಾನ ನಿಲ್ದಾಣಕ್ಕೆ ನಾಲ್ವರು ಹೊರಟರು. ಒಬ್ಬ ಕಾರಿನಲ್ಲಿ, ಒಬ್ಬ ಥೇಮ್ಸ್ ನದಿಯಲ್ಲಿ ಯಂತ್ರದ ದೋಣಿಯ ಮೇಲೆ, ಒಬ್ಬ ಬಸ್ಸು-ರೈಲುಗಳಲ್ಲಿ, ಮತ್ತೊಬ್ಬ ಸೈಕಲ್ಲಿನಲ್ಲಿ. ಮೊದಲು ಮುಟ್ಟಿದ್ದು ಸೈಕಲ್ಲು, ಕೊನೆಗೆ ಬಂದದ್ದು ಕಾರು. ಕಾರಿನ ಗುಣಗಾನವೇ ಕಸುಬಾದ ಕಾರ್ಯಕ್ರಮದಲ್ಲಿ ಹೀಗಾದದ್ದು ವಿನೋದವೇ ಸರಿ.

ಇದರಲ್ಲಿ ಪವಾಡವೇನಿಲ್ಲ. ನಗರದಲ್ಲಿ ಕಾರಿನ ವೇಗವನ್ನು ನಿರ್ಧರಿಸುವುದು ಅದರ ಎಂಜಿನ್ ಅಲ್ಲ, ಮುಂದೆ ನಿಂತಿರುವ ಇನ್ನೊಂದು ಕಾರು. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ, 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಕ್ರಮಿಸಲು ಕಾರಿಗೆ ಸರಾಸರಿ 29 ನಿಮಿಷ ಬೇಕಾಗುತ್ತಿತ್ತು. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ಲಿಗೆ ಅಷ್ಟೇ ದೂರಕ್ಕೆ 40 ನಿಮಿಷ ಸಾಕು. ದೂರ ಹೆಚ್ಚಿದಂತೆ ಕಾರೇ ಮೇಲು. ಆದರೆ 3 ಕಿ.ಮೀ. ದಾರಿಯಲ್ಲಿ ವ್ಯತ್ಯಾಸ ಬರೀ ಮೂರು ನಿಮಿಷ. ಕಾರು ನಿಲ್ಲಿಸಲು ಜಾಗ ಹುಡುಕಿ, ಅಲ್ಲಿಂದ ನಡೆದು ಬರುವಷ್ಟರಲ್ಲಿ ಆ ಮೂರು ನಿಮಿಷವೂ ಕರಗಿರುತ್ತದೆ.

ಚಿಂತಕ ಇವಾನ್ ಇಲಿಚ್ 1970ರ ದಶಕದಲ್ಲಿ ಈ ಲೆಕ್ಕವನ್ನು ಇನ್ನಷ್ಟು ವಿಸ್ತರಿಸಿದ. ಕಾರಿನಲ್ಲಿ ಕುಳಿತ ಹೊತ್ತಷ್ಟೇ ಅಲ್ಲ, ಅದರ ಕಂತು, ಪೆಟ್ರೋಲು, ವಿಮೆಗಳಿಗಾಗಿ ದುಡಿಯುವ ಹೊತ್ತನ್ನೂ ಸೇರಿಸಬೇಕೆಂದ. ಅವನ ಅಂದಾಜಿನಲ್ಲಿ ಸಾಮಾನ್ಯ ಅಮೆರಿಕನ್ನನೊಬ್ಬ 7,500 ಮೈಲಿಗಾಗಿ ವರ್ಷಕ್ಕೆ 1,600 ಗಂಟೆ ವೆಚ್ಚ ಮಾಡುತ್ತಿದ್ದ. ಅಂದರೆ ಗಂಟೆಗೆ ಐದು ಮೈಲಿಗಿಂತಲೂ ಕಡಿಮೆ. ಬಿರುಸಾಗಿ ನಡೆಯುವವನ ವೇಗಕ್ಕಿಂತ ಹೆಚ್ಚೇನಲ್ಲ!

ಹಾಗಿದ್ದರೂ ಜನ ಸೈಕಲ್ ಹತ್ತಲು ಹಿಂಜರಿಯುವುದೇಕೆ? ಗಡಿಯಾರ ನೋಡಿ ಅಲ್ಲ, ಹಿಂದಿನಿಂದ ಬರುವ ಬಸ್ಸು-ಲಾರಿಗಳಿಗೆ ಹೆದರಿ. ನಾಲ್ಕು ನಿಮಿಷ ಉಳಿಸಲು ಪ್ರಾಣವನ್ನು ಪಣಕ್ಕಿಡಲು ಯಾರೂ ಸಿದ್ಧರಿರುವುದಿಲ್ಲ. ಮಗಳನ್ನು ಸೈಕಲ್ಲಿನಲ್ಲಿ ಶಾಲೆಗೆ ಕಳಿಸಲು ಹೆದರುವ ತಾಯಿಗೆ ಸರಾಸರಿ ವೇಗದ ಅಂಕಿ ಧೈರ್ಯ ಕೊಡಲಾರದು.

ಡೆನ್ಮಾರ್ಕಿನ ಕೋಪನ್‌ಹೇಗನ್ ಈ ಭಯಕ್ಕೆ ರಸ್ತೆಯಲ್ಲೇ ಉತ್ತರ ಹುಡುಕಿತು. ಮುಖ್ಯರಸ್ತೆಗಳಲ್ಲಿ ಸೈಕಲ್ಲಿಗೆ ಎತ್ತರಿಸಿದ ಪ್ರತ್ಯೇಕ ಪಥಗಳನ್ನು ಕಟ್ಟಿತು. ನೊರೆಬ್ರೊ ಬಡಾವಣೆಯ ಮುಖ್ಯರಸ್ತೆಯಲ್ಲಿ, ಗಂಟೆಗೆ 20 ಕಿ.ಮೀ. ವೇಗದಲ್ಲಿ ಪೆಡಲ್ ತುಳಿಯುವವನಿಗೆ ಬೆಳಗಿನ ಹೊತ್ತು ಸಾಲಾಗಿ ಹಸಿರು ದೀಪ ಸಿಗುವಂತೆ ಸಿಗ್ನಲ್‌ಗಳನ್ನು ಹೊಂದಿಸಿತು. ಅಲ್ಲಿ ಬದಲಾದದ್ದು ಸೈಕಲ್ಲಲ್ಲ, ರಸ್ತೆ.