ನುಡಿ ವಿಂಡೋಸಿನಲ್ಲಿರಲಿ, ನೆಟ್ ಲಿನಕ್ಸಿನಲ್ಲಿ ಓಡಲಿ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಟಿಪಿಎಂ 2.0 ಇಲ್ಲದ ಹಳೆಯ ಮಷಿನ್ನುಗಳಿಗೆ ವಿಂಡೋಸ್ 11 ಅಧಿಕೃತವಾಗಿ ದಕ್ಕುವುದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರಗಳಲ್ಲಿ ಝೆರಾಕ್ಸ್, ಡಿಟಿಪಿ ಅಂಗಡಿ ನಡೆಸುವವರು ಅಂಥ ಮಷಿನ್ನನ್ನು ಗುಜರಿಗೆ ಹಾಕಬೇಕಿಲ್ಲ. ವಿಂಡೋಸಿನ ಪಕ್ಕದಲ್ಲೇ ಉಬುಂಟುವಿನಂಥ ಲಿನಕ್ಸ್ ಹಾಕಿಕೊಳ್ಳಬಹುದು. ಅಡ್ಡ ಬರುವುದು ಕೆಲವು ತಪ್ಪು ತಿಳಿವಳಿಕೆಗಳು.

‘ಲಿನಕ್ಸ್ ಹಾಕಿದರೆ ನುಡಿ ಹೋಗುತ್ತದೆ’

ಹೋಗುವುದಿಲ್ಲ. ಕನ್ನಡ ಗಣಕ ಪರಿಷತ್ತಿನ (ಕಗಪ) ನುಡಿ ತಂತ್ರಾಂಶ ವಿಂಡೋಸಿನಲ್ಲಿ ಹೇಗಿತ್ತೋ ಹಾಗೇ ಇರುತ್ತದೆ. ಮಷಿನ್ ಚಾಲೂ ಮಾಡಿದಾಗ ಗ್ರಬ್ ಎಂಬ ಬೂಟ್ ಮ್ಯಾನೇಜರ್ ಕಪ್ಪು ಪರದೆಯ ಮೇಲೆ ‘ಉಬುಂಟು’, ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂದು ಪಟ್ಟಿ ತೋರಿಸುತ್ತದೆ. ಬಾಣದ ಕೀಲಿಯಿಂದ ಬೇಕಾದ್ದಕ್ಕೆ ಹೋಗಿ ಎಂಟರ್ ಒತ್ತಿದರೆ ಆಯಿತು. ನುಡಿ ಫಾಂಟಿನ ಹಳೆಯ ಕರಾರುಪತ್ರ, ಲಗ್ನಪತ್ರಿಕೆ ತಿದ್ದಲು ವಿಂಡೋಸ್. ಪಹಣಿ ತೆಗೆಯಲು, ಆನ್‌ಲೈನ್ ಅರ್ಜಿ ತುಂಬಲು ಲಿನಕ್ಸ್. ಸುರಕ್ಷತಾ ಅಪ್‌ಡೇಟ್ ನಿಂತ ವಿಂಡೋಸನ್ನು ನೆಟ್ಟಿಗೆ ಜೋಡಿಸದೇ ಇಡುವುದೇ ಒಳ್ಳೆಯದು. ಗಿರಾಕಿಗಳ ಆಧಾರ್, ಬ್ಯಾಂಕ್ ವಿವರ ನಿಮ್ಮ ಕೈಯಲ್ಲಿರುತ್ತವೆ. ಬೆರಳಿಗೆ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸಿನಲ್ಲೂ ಇದೆ. ಕನ್ನಡಕ್ಕೆ ಲಿನಕ್ಸ್ ಹೊಸದೇನಲ್ಲ: ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಕೇರಳ ಸರ್ಕಾರದ ಕೈಟ್ ಸಂಸ್ಥೆಯ ಲಿನಕ್ಸಿನಲ್ಲಿ.

‘ಬೂಟ್ ಮ್ಯಾನೇಜರ್ ಫೈಲುಗಳನ್ನು ಅಳಿಸುತ್ತದೆ’

ಯುಇಎಫ್‌ಐ ಮಷಿನ್ನಿನಲ್ಲಿ ಗ್ರಬ್ ಇಎಫ್‌ಐ ಪಾರ್ಟಿಷನ್ನಿನ ಒಂದು ಫೋಲ್ಡರಿನಲ್ಲಿರುತ್ತದೆ, ವಿಂಡೋಸಿನದು ಇನ್ನೊಂದರಲ್ಲಿ. ಹಳೆಯ ಬಯೋಸ್ ಮಷಿನ್ನಿನಲ್ಲಿ ಡಿಸ್ಕಿನ ಮೊದಲ 512 ಬೈಟಿನಲ್ಲಿರುವ ಬೂಟ್ ಕೋಡ್ ಬದಲಾಗುತ್ತದೆ. ನಿಮ್ಮ ಫೈಲುಗಳ ತಂಟೆಗೆ ಅದು ಬರುವುದಿಲ್ಲ. ನಿಜವಾದ ಅಪಾಯ ಇರುವುದು ಅದಕ್ಕೂ ಮೊದಲು. ಪಾರ್ಟಿಷನ್ ಕುಗ್ಗಿಸುವಾಗ ಕರೆಂಟು ಹೋದರೆ, ಅಥವಾ ಇಡೀ ಡಿಸ್ಕ್ ಅಳಿಸುವ ಆಯ್ಕೆ ಒತ್ತಿಬಿಟ್ಟರೆ, ವರ್ಷಗಟ್ಟಲೆ ಕೂಡಿಟ್ಟ ಕೆಲಸ ಹೋದಂತೆಯೇ. ಬೇರೆ ಡಿಸ್ಕಿಗೆ ಬ್ಯಾಕಪ್ ತೆಗೆಯದೆ, ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಲೇಬೇಡಿ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಜಾಗ ಬಿಡಿಸಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ.

‘ಎರಡು ಒಎಸ್ ಇದ್ದರೆ ಮಷಿನ್ ನಿಧಾನ’

ಒಮ್ಮೆಗೆ ಓಡುವುದು ಒಂದೇ. ಖರ್ಚಾಗುವುದು ಡಿಸ್ಕಿನ ಜಾಗ ಮಾತ್ರ.

‘ಪಟ್ಟಿ ಕಾಣದಿದ್ದರೆ ಲಿನಕ್ಸ್ ಹೋಯಿತು’

ಕೆಲವೊಮ್ಮೆ ಬೂಟ್ ಕ್ರಮ ಬದಲಾಗುತ್ತದೆ, ಅಷ್ಟೇ. ಮಷಿನ್ನಿನ ಬಯೋಸ್ ಸೆಟಪ್ಪಿಗೆ ಹೋಗಿ ಉಬುಂಟುವನ್ನು ಮೊದಲಿಗೆ ತನ್ನಿ. ಪಟ್ಟಿಯಲ್ಲಿ ವಿಂಡೋಸೇ ಕಾಣದಿದ್ದರೆ ಕಾರಣ ಬೇರೆ: 2021ರ ಗ್ರಬ್ 2.06ರಿಂದ ಇತರ ಒಎಸ್‌ಗಳನ್ನು ಹುಡುಕುವ ಒಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಗ್ರಬ್ಬಿನ ಸೆಟ್ಟಿಂಗ್ಸಿನಲ್ಲಿ ಅದನ್ನು ಚಾಲೂ ಮಾಡಿ, ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ.

‘ಗಡಿಯಾರ ತಪ್ಪಿದರೆ ಸೆಲ್ ಸತ್ತಿದೆ’

ಸರಿಯಾಗಿ ಐದೂವರೆ ತಾಸು ತಪ್ಪುತ್ತಿದ್ದರೆ ಸೆಲ್ ಬದಲಿಸಬೇಡಿ. ಮಷಿನ್ನಿನೊಳಗಿನ ಗಡಿಯಾರವನ್ನು ವಿಂಡೋಸ್ ಭಾರತದ ಸಮಯವೆಂದು ಓದುತ್ತದೆ, ಲಿನಕ್ಸ್ ಯುಟಿಸಿ ಎಂದು ಓದುತ್ತದೆ. ಲಿನಕ್ಸಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದು ಕೊಟ್ಟರೆ ಎರಡೂ ಒಂದೇ ಸಮಯ ತೋರಿಸುತ್ತವೆ.